ಬಾವಿಯ ಸುತ್ತಲ ಮಣ್ಣು

“ಮೇಷ್ಟ್ರೇ, ಏನೂ ಕೆಲಸ ಮಾಡದ ಕೊಬ್ಬಿಗೆ ಇಷ್ಟೊಂದು ಲೆಕ್ಕ ಯಾಕೆ ಹಾಕಬೇಕು?” ಎಂದು ಮಂದಾಕಿನಿ ಕೇಳಿದಳು.

ಅವಳು ರಸಾಯನಶಾಸ್ತ್ರದ ಸಂಶೋಧಕಿ. ಜೀವಕೋಶದ ಸುತ್ತ ಕೊಬ್ಬಿನದೊಂದು ತೆಳುವಾದ ಪೊರೆ ಇರುತ್ತದೆ. ಆ ಪೊರೆಯಲ್ಲಿ ಹುದುಗಿಕೊಂಡಿರುವ ಪ್ರೋಟೀನೊಂದರ ನಡುವೆ ಸಣ್ಣ ದಾರಿಯಿದೆ. ಲವಣಗಳು ಒಳಗೂ ಹೊರಗೂ ಓಡಾಡುವುದು ಅಲ್ಲಿಂದಲೇ. ಹೃದಯದ ಬಡಿತ ತಪ್ಪುವ ರೋಗಿಗಳಿಗೆ ಮದ್ದು ಹುಡುಕಲು ಅವಳು ಆ ಪ್ರೋಟೀನನ್ನು ಕಂಪ್ಯೂಟರಿನಲ್ಲಿ ಕಟ್ಟಿದ್ದಳು. ಪೊರೆಯನ್ನೂ ಸೇರಿಸಿದರೆ ಲೆಕ್ಕ ಮುಗಿಯಲು ವಾರಗಟ್ಟಲೆ ಹಿಡಿಯುತ್ತದೆ. ಬಿಟ್ಟರೆ ಒಂದೇ ದಿನದ ಕೆಲಸ. ಅವಳು ಬಿಟ್ಟಿದ್ದಳು. ಇಂಥ ಮದ್ದು ಒಳ್ಳೆಯದು ಎಂಬ ಉತ್ತರವೂ ಬಂದಿತ್ತು. ನಾಳೆ ಅದನ್ನು ಮದ್ದು ತಯಾರಿಸುವವರ ಕೈಗೆ ಕೊಡಬೇಕಾಗಿತ್ತು.

ಅವಳ ಸಂಶೋಧನೆಗೆ ದಾರಿ ತೋರುತ್ತಿದ್ದ ಚನ್ನವೀರಪ್ಪ ಮೇಷ್ಟ್ರಿಗೆ ನೇರವಾಗಿ ಉತ್ತರ ಕೊಟ್ಟರೆ ತಿಂದ ಅನ್ನ ಅರಗುವುದಿಲ್ಲ. “ಕೂತ್ಕೋಮ್ಮ, ಕತೆ ಹೇಳ್ತೇನೆ” ಎಂದರು.

ಒಂದೂರಿನಲ್ಲಿ ಒಬ್ಬ ವರ್ತಕನಿದ್ದ. ಅವನ ಮನೆ ಬಂಡೆಯ ಮೇಲಿತ್ತು. ಅಗೆದರೆ ಗುದ್ದಲಿ ಮುರಿಯುತ್ತಿತ್ತೇ ಹೊರತು ನೀರು ಸಿಗುತ್ತಿರಲಿಲ್ಲ. ಹಳ್ಳದಿಂದ ಕೊಡ ಹೊತ್ತು ಹೊತ್ತು ಹೆಂಡತಿಯ ಸೊಂಟ ಬಿದ್ದುಹೋಗಿತ್ತು.

ಪಕ್ಕದೂರಿನ ರೈತನೊಬ್ಬನ ಹೊಲದಲ್ಲಿ ಹಳೆಯ ಬಾವಿಯೊಂದಿತ್ತು. ನೀರು ಬತ್ತಿತ್ತು, ಒಳಗಿನ ಕಲ್ಲುಕಟ್ಟಡ ಮಾತ್ರ ಒಂದು ಕಲ್ಲೂ ಸರಿಯದೆ ನಿಂತಿತ್ತು. ಸುಣ್ಣವಿಲ್ಲ, ಗಾರೆಯಿಲ್ಲ, ಕಲ್ಲಿಗೆ ಕಲ್ಲು ಆತುಕೊಂಡಿತ್ತು. ವರ್ತಕನಿಗೆ ಆಸೆ ಹುಟ್ಟಿತು. ಇದನ್ನೇ ಅಂಗಳದಲ್ಲಿ ನಿಲ್ಲಿಸಿ ಒಳಗೆ ಗಾರೆ ಬಳಿಸಿದರೆ ದೊಡ್ಡ ತೊಟ್ಟಿಯಾಯಿತು, ಗಾಡಿಯಲ್ಲಿ ನೀರು ತರಿಸಿ ತುಂಬಿಸಿದರೆ ಹೆಂಡತಿಯ ಕಷ್ಟ ತಪ್ಪಿತು ಎಂದುಕೊಂಡ. ಕಲ್ಲುಗಳನ್ನು ಕೊಂಡ. ಬಿಚ್ಚುವ ಮೊದಲು ಪ್ರತಿಯೊಂದಕ್ಕೂ ಕೆಮ್ಮಣ್ಣಿನಲ್ಲಿ ಗುರುತು ಹಾಕಿಸಿದ. ಎಲ್ಲಿದ್ದ ಕಲ್ಲು ಅಲ್ಲಿಗೇ ಬರುವಂತೆ ಮನೆಯಂಗಳದಲ್ಲಿ ಕಟ್ಟಿಸಿದ. ಕೂದಲೆಳೆಯಷ್ಟೂ ತಪ್ಪಲಿಲ್ಲ. ನೋಡಿದವರೆಲ್ಲ ಭೇಷ್ ಎಂದರು. ಭೇಷ್ ಎನ್ನುವುದಕ್ಕೆ ಯಾರ ಗಂಟು ಹೋಗುತ್ತದೆ?

ನೀರು ತುಂಬಿಸಿದರು. ಅರ್ಧ ತುಂಬುವವರೆಗೆ ಚೆನ್ನಾಗಿಯೇ ನಿಂತಿತ್ತು. ಮಧ್ಯಾಹ್ನ ಮನೆಮಂದಿಯೆಲ್ಲ ಒಳಗೆ ಊಟಕ್ಕೆ ಕೂತಿದ್ದಾಗ ಕಲ್ಲುಗಳು ಒಮ್ಮೆಲೇ ಹೊರಕ್ಕೆ ಉರುಳಿದವು. ಅಂಗಳದಲ್ಲಿ ಯಾರೂ ಇರಲಿಲ್ಲ.

ವರ್ತಕ ಸಿಟ್ಟಿನಿಂದ ಕುದಿಯುತ್ತ ರೈತನ ಬಳಿಗೆ ಹೋದ. “ಎಂಥಾ ಬಾವಿ ಮಾರಿದೆಯಯ್ಯಾ? ನಿಮ್ಮಜ್ಜನ ಕಾಲದಿಂದ ನಿಂತಿದೆ ಅಂದೆ. ನನ್ನ ಅಂಗಳದಲ್ಲಿ ಒಂದು ದಿನವೂ ನಿಲ್ಲಲಿಲ್ಲ!”

ರೈತ ತಲೆ ಕೆರೆದುಕೊಂಡ. “ನಾನೇನೂ ಇಟ್ಕೊಂಡಿಲ್ಲ ಸಾವ್ಕಾರ್ರೆ. ಕಲ್ಲೆಲ್ಲ ನೀವೇ ಹೇರ್ಕೊಂಡು ಹೋದ್ರಿ. ಇಲ್ಲಿ ಉಳಿದಿರೋದು ಸುತ್ತಲ ಮಣ್ಣೊಂದೇ.”

ವರ್ತಕ ಬರಿದಾದ ಗುಂಡಿಯನ್ನು ನೋಡುತ್ತ ನಿಂತ. ಅಷ್ಟು ವರ್ಷ ಆ ಕಲ್ಲುಗಳನ್ನು ಸುತ್ತಲಿಂದ ಒತ್ತಿ ಹಿಡಿದದ್ದು ಯಾವುದೆಂದು ಅವನಿಗೆ ಆಗ ತಿಳಿಯಿತು. ನಾಚಿಕೆಯಾಯಿತು. ಮನೆಯ ದಾರಿ ಹಿಡಿದ.

ಮೇಷ್ಟ್ರು ಕತೆ ನಿಲ್ಲಿಸಿದರು. ಮಂದಾಕಿನಿ ನಕ್ಕಳು.

“ಗೊತ್ತಾಯ್ತು ಮೇಷ್ಟ್ರೇ. ಪೊರೆ ಅಂದ್ರೆ ಆ ಮಣ್ಣು. ಆದ್ರೆ ನನ್ನ ಪ್ರೋಟೀನು ಬೀಳಲಿಲ್ಲವಲ್ಲ! ಮೊದಲನೇ ಸಲ ಬಿಚ್ಚಿಕೊಳ್ಳೋಕೆ ಶುರುವಾಯ್ತು, ನಿಜ. ಆಮೇಲೆ ಅದರ ಪರಮಾಣುಗಳನ್ನ ಇದ್ದಲ್ಲೇ ಅಲುಗದ ಹಾಗೆ ಹಿಡಿದಿಡು ಅಂತ ಸಾಫ್ಟ್‌ವೇರಿಗೆ ಹೇಳಿದೆ. ಈಗ ನೆಟ್ಟಗೆ ನಿಂತಿದೆ. ಉತ್ತರ ಬಂದಿದ್ದೂ ಅದರಿಂದಲೇ.”

ಮೇಷ್ಟ್ರಿಗೆ ಗಾಬರಿಯಾಯಿತು. ಆದರೂ ದನಿ ಏರಿಸಲಿಲ್ಲ.

“ಆ ವರ್ತಕನ ಪುಣ್ಯ ಕಣಮ್ಮ, ಅವನ ಬಾವಿ ಬಿತ್ತು. ತಪ್ಪು ಅಂದೇ ಗೊತ್ತಾಯ್ತು” ಎಂದರು.

ನಾಳೆ ಕೊಡಬೇಕಿದ್ದ ಉತ್ತರವನ್ನು ಬದಿಗಿಟ್ಟು, ಪೊರೆಯನ್ನೂ ಸೇರಿಸಿ ಲೆಕ್ಕ ಹಾಕಲು ಮಂದಾಕಿನಿ ಎದ್ದಳು.