ಪೆಟ್ಟಿಗೆ ಹೇಳಿದ ಭೇಷ್

ವೇದಾವತಿ ಹೊಳೆಯ ದಂಡೆಯಲ್ಲೊಂದು ಆಶ್ರಮ. ಮೇಷ್ಟ್ರಾಗಬೇಕೆಂದು ಬಂದವರನ್ನು ತಿದ್ದಿ ತೀಡುವವರು ಅಲ್ಲಿನ ಗುರು ಓಂಕಾರಯ್ಯ. ಅವರ ಕೈಯಲ್ಲಿ ಪಳಗಿದ ಮೇಷ್ಟ್ರುಗಳನ್ನೆಲ್ಲ ಸಾಲಾಗಿ ನಿಲ್ಲಿಸಿದರೆ, ಇಲ್ಲಿ ಕೊಟ್ಟ ಸೀಮೆಸುಣ್ಣ ಕೈಯಿಂದ ಕೈಗೆ ದಾಟಿ ಕಾಶಿ ಮುಟ್ಟುತ್ತಿತ್ತು.

ಶಿಷ್ಯ ತಿಪ್ಪೇಶನಿಗೆ ಅಂದು ಪರೀಕ್ಷೆಯ ಪಾಠ. ಊರ ಮಕ್ಕಳಿಗೆ ಅವನು ಪಾಠ ಮಾಡಬೇಕು, ಗುರುಗಳು ಹಿಂದೆ ಕೂತು ನೋಡಿ ಅಂಕ ಹಾಕಬೇಕು. ಎರಡು ಸಲ ಫೇಲಾಗಿದ್ದ. ಈ ಸಲವೂ ಹೋದರೆ ಗಂಟುಮೂಟೆ ಕಟ್ಟಬೇಕು.

ಅದಕ್ಕೇ ಪ್ರೊಜೆಕ್ಟರ್ ಪೆಟ್ಟಿಗೆ ತಂದಿದ್ದ. ಅದರ ಬೆಳಕು ಎಂಥದ್ದೆಂದರೆ, ಗೋಡೆಯ ಮೇಲಿದ್ದ ಹಲ್ಲಿ ಮೂರು ದಿನ ತಡಕಾಡಿಕೊಂಡು ಓಡಾಡಿತು.

ಪಾಠಯೋಜನೆಯ ಪುಸ್ತಕದಲ್ಲಿ ಮೇಷ್ಟ್ರು ಕೇಳುವ ಪ್ರಶ್ನೆಗೆ ಒಂದು ಕಡೆ ಜಾಗ, ಮಕ್ಕಳು ಹೇಳಬೇಕಾದ ಉತ್ತರಕ್ಕೆ ಇನ್ನೊಂದು ಕಡೆ. ತಿಪ್ಪೇಶ ಎರಡನ್ನೂ ಪೆಟ್ಟಿಗೆಗೆ ತುಂಬಿದ್ದ. ಉತ್ತರದ ಕೆಳಗೆ ಭೇಷ್ ಎಂದೂ ಸೇರಿಸಿದ್ದ. ಒಂದಾದ ಮೇಲೊಂದು ತಾನೇ ಬರುವ ಹಾಗೆ ಮಾಡಿಟ್ಟಿದ್ದ.

ಗಿಡಕ್ಕೆ ಏನೇನು ಬೇಕು ಎಂದು ಪರದೆ ಕೇಳಿತು. ಒಬ್ಬ ಹುಡುಗಿ ಎದ್ದು ನಿಂತಳು.

"ನಮ್ಮನೆ ಗೋಡೆ ಮೇಲೆ ಅರಳಿಗಿಡ ಬಂದೈತೆ ಸಾ. ಅಲ್ಲಿ ಮಣ್ಣೇ ಇಲ್ವಲ್ಲ?"

ಅಷ್ಟರಲ್ಲಿ ಪರದೆಯ ಮೇಲೆ ಮಣ್ಣು, ನೀರು, ಬೆಳಕು ಬಂದವು. ಹಿಂದೆಯೇ ಭೇಷ್ ಕೂಡ ಬಂತು. ಮಕ್ಕಳು ಕಿಸಕ್ಕನೆ ನಕ್ಕರು. ಹುಡುಗಿ ಕೂತಳು. ಪಾಠ ರಂಗೇರಿತು ಎಂದುಕೊಂಡ ತಿಪ್ಪೇಶ.

ಕೊನೆಯ ಬೆಂಚಿನಲ್ಲಿದ್ದ ಗುರುಗಳು, ನಾಳೆ ಇದೇ ಪಾಠ ಇನ್ನೊಮ್ಮೆ ಮಾಡು ಎಂದು ಎದ್ದು ಹೋದರು.

ಮರುದಿನ ಕೋಣೆಯಲ್ಲಿ ಒಂದು ಮಗುವೂ ಇಲ್ಲ. ಗುರುಗಳೇ ಎಲ್ಲರನ್ನೂ ಆಟಕ್ಕೆ ಕಳಿಸಿದ್ದರು. ಯಾರಿಗೆ ಪಾಠ ಮಾಡಲಿ ಎಂದು ತಿಪ್ಪೇಶ ಕೇಳಿದರೆ, ಸುಮ್ಮನೆ ಪೆಟ್ಟಿಗೆ ಹಚ್ಚು ಎಂದರು.

ಹಚ್ಚಿದ. ಪರದೆ ಕೇಳಿತು. ಪರದೆಯೇ ಹೇಳಿತು. ಖಾಲಿ ಬೆಂಚುಗಳಿಗೆ ಭೇಷ್ ಎಂದಿತು. ನಿನ್ನೆಗಿಂತ ಒಂದು ಗಳಿಗೆ ಹೆಚ್ಚಿಲ್ಲ, ಕಡಿಮೆಯಿಲ್ಲ.

ತಿಪ್ಪೇಶನ ತಲೆ ಗಿರ್ರೆಂದಿತು. ತಪ್ಪು ಪೆಟ್ಟಿಗೆಯದೇ ಇರಬೇಕೆಂದು, ಇದನ್ನು ಹೊಳೆಗೆ ಎಸೆದು ಬರಲೇ ಎಂದ. ಪಾಪ, ಅದೇನು ಮಾಡಿತು ಎಂದು ಗುರುಗಳು ತಮ್ಮ ಪಂಚೆಯ ತುದಿಯಿಂದ ಅದರ ಧೂಳು ಒರೆಸಿದರು.

ಅವನಿಗೆ ಮತ್ತೂ ಗೋಜಲಾಯಿತು.

"ಹಾಗಾದ್ರೆ ನಾನು ಪಾಸೋ, ಫೇಲೋ ಗುರುಗಳೇ?"

"ಪೆಟ್ಟಿಗೆಗೆ ಪೂರ್ತಿ ಅಂಕ ಹಾಕಿದ್ದೀನಿ ತಿಪ್ಪೇಶ. ನೀನು ಪಾಠ ಮಾಡೋದನ್ನ ನಾನಿನ್ನೂ ನೋಡಿಲ್ಲ."