ತಪ್ಪು ಹುಡುಕಿ ಬಂದ ಪೈಲಟ್

ಮಾಚಯ್ಯನವರು ಬಹಳ ಕಾಲ ವಿಮಾನ ಹಾರಿಸಲು ಕಲಿಸಿದವರು. ವಯಸ್ಸಾದ ಮೇಲೆ ನದಿಯ ದಡದಲ್ಲಿ ಪುಟ್ಟ ಮನೆ ಮಾಡಿಕೊಂಡಿದ್ದರು. ಶಿಷ್ಯರೆಲ್ಲ ಅವರನ್ನು ಗುರುಗಳೇ ಎಂದೇ ಕರೆಯುತ್ತಿದ್ದರು.

ಒಂದು ಬೆಳಿಗ್ಗೆ ಅವರ ಹಳೆಯ ಶಿಷ್ಯ ಜಿನದತ್ತ ಬಂದ. ನಮಸ್ಕರಿಸಲು ಬಾಗಿದವನು ಮೇಲೇಳಲೇ ಇಲ್ಲ.

“ಏಳಪ್ಪ,” ಎಂದರು ಗುರುಗಳು.

“ವಿಚಾರಣೆ ಮುಗಿಯಿತು ಗುರುಗಳೇ. ನನ್ನದೇನೂ ತಪ್ಪಿಲ್ಲವಂತೆ.”

“ಕೇಳಿದೆ.”

“ನನಗೆ ನಂಬಿಕೆಯಿಲ್ಲ. ಎಲ್ಲೋ ಒಂದು ತಪ್ಪು ಇದ್ದೇ ಇರುತ್ತದೆ. ನೀವಾದರೂ ಹುಡುಕಿ ಕೊಡಿ.”

ಅಪಘಾತವಾದ ದಿನ ಅವನು ಇಳಿಸುತ್ತಿದ್ದದ್ದು ಎರಡು ಎಂಜಿನ್ನಿನ ಸಣ್ಣ ವಿಮಾನ. ಪಕ್ಕದಲ್ಲಿ, ಬಲಗಡೆ, ಸಹಪೈಲಟ್ ಲವೀನಾ ಕೂತಿದ್ದಳು. ಬೇರೆ ಯಾರೂ ಇರಲಿಲ್ಲ. ನೆಲ ಮುಟ್ಟಿದ ಮೇಲೆ ವಿಮಾನ ಅವನ ಮಾತು ಕೇಳಲಿಲ್ಲ. ರನ್‌ವೇ ಬಿಟ್ಟು ಬಲಕ್ಕೆ ನುಗ್ಗಿ ಕಲ್ಲಿನ ಮೋರಿಗೆ ಬಡಿಯಿತು. ಅವನು ಉಳಿದ. ಅವಳು ಉಳಿಯಲಿಲ್ಲ.

ಲವೀನಾ ಕೂಡ ಮಾಚಯ್ಯನವರ ಶಿಷ್ಯೆಯೇ. ಅವರು ಕಲಿಸಿದ ಕೊನೆಯ ಹುಡುಗಿ.

“ಮೊದಲಿಂದ ಹೇಳು,” ಎಂದರು ಗುರುಗಳು.

“ಗಾಳಿ ಇರಲಿಲ್ಲ. ಹಿಂದಿನ ಚಕ್ರಗಳು ಮೆತ್ತಗೆ ನೆಲ ಮುಟ್ಟಿದವು. ಮುಂದಿನ ಚಕ್ರ ಊರಿದ ಕೂಡಲೇ ವಿಮಾನ ಬಲಕ್ಕೆ ಎಳೆಯಿತು.”

“ಏನು ಮಾಡಿದೆ?”

“ಎಡಗಡೆ ಪೆಡಲ್ ಒತ್ತಿದೆ. ತಿರುಗಲಿಲ್ಲ.”

“ಸರಿ. ಆಮೇಲೆ?”

“ಎಡಗಡೆ ಬ್ರೇಕ್ ಹಿಡಿದೆ.”

“ಸರಿ.”

“ಎಡಕ್ಕೆ ತಿರುಗಲಿ ಎಂದು ಬಲಗಡೆ ಎಂಜಿನ್ನಿಗೆ ಜೋರು ಕೊಟ್ಟೆ. ಆಗಲೂ ತಿರುಗಲಿಲ್ಲ. ಮುಂದಿನ ಚಕ್ರ ತಿರುಗಿಸುವ ಸರಳು ಒಳಗೇ ಮುರಿದಿತ್ತಂತೆ. ಹೊರಗಿನಿಂದ ಯಾರಿಗೂ ಕಾಣುವಂಥದ್ದಲ್ಲವಂತೆ.”

“ಮತ್ತೆ ಮೇಲೇರುವಷ್ಟು ವೇಗ ಇತ್ತೇ?”

“ಇರಲಿಲ್ಲ.”

“ಸರಿ.”

“ಸರಿ ಅನ್ನಬೇಡಿ ಗುರುಗಳೇ!” ಜಿನದತ್ತ ಕೂಗಿಬಿಟ್ಟ. “ಎಲ್ಲ ಸರಿಯಾಗಿದ್ದರೆ ಅವಳು ಯಾಕೆ ಸತ್ತಳು?”

ಗುರುಗಳು ನದಿಯ ಕಡೆ ತಿರುಗಿದರು.

“ಸುದ್ದಿ ಬಂದಂದಿನಿಂದ ನಾನೂ ದಿನಾ ಆ ವಿಮಾನ ಇಳಿಸುತ್ತಿದ್ದೇನೆ,” ಎಂದರು. “ಇಲ್ಲೇ ಕೂತು, ಕಣ್ಣು ಮುಚ್ಚಿಕೊಂಡು, ನಿನ್ನ ಜಾಗದಲ್ಲಿ. ಪ್ರತಿ ಸಲವೂ ಅವಳು ಸಾಯುತ್ತಾಳೆ.”

ಜಿನದತ್ತ ತಲೆ ತಗ್ಗಿಸಿದ.

“ಅವಳ ಮನೆಗೆ ಹೋಗಿದ್ದೆಯಾ?”

“ಇಲ್ಲ.”

“ಅವಳ ತಾಯಿ ನನಗೆ ಫೋನ್ ಮಾಡಿದ್ದರು. ಆ ಹುಡುಗ ಯಾಕೆ ಬರಲಿಲ್ಲ ಎಂದು ಕೇಳಿದರು.”

“ತಪ್ಪು ಮಾಡಿದ್ದರೆ ಹೋಗಿ ಕಾಲು ಹಿಡಿಯುತ್ತಿದ್ದೆ ಗುರುಗಳೇ. ಕ್ಷಮಿಸಿ ಅನ್ನುತ್ತಿದ್ದೆ. ನನ್ನದೇನೂ ತಪ್ಪಿಲ್ಲ ಎಂದು ಹೇಳಲು ಯಾವ ಮುಖ ಹೊತ್ತುಕೊಂಡು ಹೋಗಲಿ?”

ಗುರುಗಳು ಎದ್ದರು. ಚಪ್ಪಲಿ ಮೆಟ್ಟಿಕೊಂಡು ಜೀಪಿನ ಬಳಿ ಹೋಗಿ, “ಹತ್ತು,” ಎಂದರು.

ತಾವೇ ಓಡಿಸಿಕೊಂಡು ಘಟ್ಟ ಇಳಿದು ಲವೀನಾಳ ಮನೆಯ ಮುಂದೆ ನಿಲ್ಲಿಸಿದರು.

ಲವೀನಾಳ ತಾಯಿ ಕಾರ್ಮಿನ್ ಬಾಯಿ ಬಾಗಿಲಲ್ಲೇ ಅವನನ್ನು ಗುರುತು ಹಿಡಿದರು. ಒಳಗೆ ಕೂರಿಸಿ ನೀರು ಕೊಟ್ಟರು. ಅವನು ಕುಡಿಯಲಿಲ್ಲ.

“ಒಂದೇ ಒಂದು ಕೇಳಬೇಕಿತ್ತು,” ಎಂದರು ಆಕೆ. “ನನ್ನ ಮಗಳು ಹೆದರಿದಳಾ?”

ಜಿನದತ್ತ ಗುರುಗಳ ಮುಖ ನೋಡಿದ. ಗುರುಗಳು ನೆಲ ನೋಡುತ್ತಿದ್ದರು.

“ಹೆದರಲು ಪುರುಸೊತ್ತೇ ಇರಲಿಲ್ಲ ಅಮ್ಮ. ಅವಳ ಕಡೆಯೂ ವಿಮಾನ ತಿರುಗಿಸುವ ಪೆಡಲ್ ಇರುತ್ತದೆ. ಎಡ, ಎಡ ಎಂದು ನಾನು ಕೂಗಿದೆ. ‘ನಾನೂ ಒತ್ತುತ್ತಿದ್ದೇನೆ ಸರ್’ ಅಂದಳು. ಅಷ್ಟೇ.”

“ಕೊನೆಯವರೆಗೂ?”

“ಕೊನೆಯವರೆಗೂ. ಇಬ್ಬರ ಪೆಡಲುಗಳೂ ಒಂದಕ್ಕೊಂದು ಸೇರಿರುತ್ತವೆ. ಅವಳು ಒತ್ತುತ್ತಿದ್ದದ್ದು ನನ್ನ ಕಾಲಿಗೆ ಗೊತ್ತಾಗುತ್ತಿತ್ತು.”

ಕಾರ್ಮಿನ್ ಬಾಯಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡರು. ಅಳು ನಿಂತ ಮೇಲೆ ಅವನ ಹತ್ತಿರ ಸರಿದು ಕೂತರು.

“ಅವಳು ಅಂದದ್ದನ್ನು ಇನ್ನೊಮ್ಮೆ ಹೇಳು ಮಗಾ.”

ಅವನು ಹೇಳಿದ. ಆಕೆ ಮತ್ತೆ ಕೇಳಿದರು. ಮತ್ತೆ ಹೇಳಿದ. ಮಧ್ಯಾಹ್ನವಾಯಿತು. ಆಕೆ ಮೂವರಿಗೂ ಗಂಜಿ ಬಡಿಸಿದರು. ಅವನು ಉಂಡ.

ಹೊರಡುವಾಗ ಆಕೆ ಅವನ ತಲೆಯ ಮೇಲೆ ಕೈಯಿಟ್ಟರು.

ಜೀಪಿನ ಬಳಿ ಬಂದು ಜಿನದತ್ತ ಕೇಳಿದ: “ಈ ಭಾರ ಯಾವತ್ತಾದರೂ ಇಳಿಯುತ್ತದಾ ಗುರುಗಳೇ?”

ಗುರುಗಳು ಕನ್ನಡಕ ತೆಗೆದು ಒರೆಸಿ ಹಾಕಿಕೊಂಡರು. ಮತ್ತೆ ತೆಗೆದು ಕಣ್ಣೊರೆಸಿಕೊಂಡರು. ಆಮೇಲೆ ಜೀಪಿನ ಕೀಲಿಯನ್ನು ಅವನ ಮುಂದೆ ಹಿಡಿದರು.

ಅವನು ಹಿಂದೆ ಸರಿದ. “ಅಂದಿನಿಂದ ನಾನು ಏನನ್ನೂ ಓಡಿಸಿಲ್ಲ.”

“ನೀನೇ ಓಡಿಸು,” ಎಂದರು ಗುರುಗಳು. “ನನಗೆ ರಸ್ತೆ ಕಾಣುತ್ತಿಲ್ಲ.”