ನೇಕಾರನ ಸೊಸೆಯ ಪಥ್ಯ

ವೈದ್ಯವಿದ್ಯೆ ಕಲಿಯುತ್ತಿದ್ದ ಶಿಷ್ಯನೊಬ್ಬ ಕೇಳಿದ: "ಗುರುಗಳೇ, ಊಟ ಬಲ್ಲವನಿಗೆ ರೋಗವಿಲ್ಲ ಎನ್ನುತ್ತಾರೆ. ಏನನ್ನು ಉಣ್ಣಬೇಕೆಂದು ಹೇಳಿದರೆ ವೈದ್ಯನ ಕೆಲಸ ಮುಗಿಯಿತಲ್ಲವೇ? ರೋಗಿಯ ಮನೆಯ ಪಂಚಾಯಿತಿ ಅವನಿಗೇಕೆ?"

ಗುರುಗಳು ಹೇಳಿದರು:

ಒಬ್ಬ ವೈದ್ಯನಿದ್ದ. ಅವನ ಕೈಗುಣ ಒಳ್ಳೆಯದು. ಅದು ಅವನಿಗೂ ಗೊತ್ತಿತ್ತು, ತೊಂದರೆ ಅಲ್ಲೇ. ನೇಕಾರನೊಬ್ಬನ ಸೊಸೆ ಆರು ತಿಂಗಳ ಬಸುರಿ. ಮುಖ ಬಿಳಿಚಿಕೊಂಡಿತ್ತು, ನಾಲ್ಕು ಹೆಜ್ಜೆ ಇಟ್ಟರೆ ಏದುಸಿರು. ಹಿಂದಿನ ಕೂಸು ಉಳಿದಿರಲಿಲ್ಲ. ವೈದ್ಯ ನಾಡಿ ನೋಡಿ, ನುಗ್ಗೆಸೊಪ್ಪು, ಬೇಳೆ, ಹಾಲು ದಿನವೂ ಆಗಲಿ ಎಂದು ಹೇಳಿ ಹೋದ.

ತಿಂಗಳ ಮೇಲೆ ಬಂದು ನೋಡಿದರೆ ನಾಡಿ ಇನ್ನೂ ಇಳಿದಿತ್ತು. ಹೀಗೇ ಹೋದರೆ ತಾಯಿಯೂ ಉಳಿಯಳು, ಕೂಸೂ ಉಳಿಯದು. ಅವನಿಗೆ ಹೆದರಿಕೆಯಾಯಿತು. ಹೆದರಿಕೆ ಸಿಟ್ಟಾಗಿ ಅತ್ತೆಯ ಮೇಲೆ ತಿರುಗಿತು. "ಇವಳ ಹೊಟ್ಟೆಗೆ ಏನಾದರೂ ಹಾಕುತ್ತೀರೋ ಇಲ್ಲವೋ?"

ಅತ್ತೆಯ ಕಣ್ಣು ತುಂಬಿತು. "ನೀವು ಹೇಳಿದ್ದನ್ನು ಒಂದು ದಿನವೂ ತಪ್ಪಿಸಿಲ್ಲ, ಸ್ವಾಮಿ. ಕುಳಿತು ಉಂಡು ನೀವೇ ನೋಡಿ."

ವೈದ್ಯ ಕುಳಿತ. ಅತಿಥಿಯೆಂದು ಅವನಿಗೇ ಮೊದಲು ಬಡಿಸಿದರು. ನುಗ್ಗೆಸೊಪ್ಪಿನ ಪಲ್ಯ ಸೊಗಸಾಗಿತ್ತು. ಇನ್ನೊಮ್ಮೆ ಕೇಳಿ ಹಾಕಿಸಿಕೊಂಡ. ಆಮೇಲೆ ಮಗ್ಗದಿಂದೆದ್ದು ಬಂದ ಗಂಡಸರು ಉಂಡರು, ಮಕ್ಕಳು ಉಂಡರು, ಅತ್ತೆ ಉಂಡಳು. ಎಲ್ಲರದೂ ಆದ ಮೇಲೆ ಸೊಸೆ ಕುಳಿತಳು. ಅದು ಆ ಮನೆಯ ಪದ್ಧತಿ. ಯಾರ ಮನಸ್ಸಿನಲ್ಲೂ ಕೇಡಿರಲಿಲ್ಲ. ಪಲ್ಯದ ಪಾತ್ರೆ ಬರಿದಾಗಿತ್ತು, ಬೇಳೆ ತಳ ಕಂಡಿತ್ತು, ಹಾಲು ಮಕ್ಕಳಿಗೇ ಮುಗಿದಿತ್ತು. ಅವಳು ರೊಟ್ಟಿಯನ್ನು ತಿಳಿಸಾರಿನಲ್ಲಿ ಅದ್ದಿಕೊಂಡು ತಿಂದಳು. ತಾನು ಎರಡನೆಯ ಸಲ ಹಾಕಿಸಿಕೊಂಡದ್ದು ಯಾರ ಪಾಲೆಂದು ವೈದ್ಯನಿಗೆ ಆಗ ತಿಳಿಯಿತು. ನಾಚಿಕೆಯಾಯಿತು.

ಪದ್ಧತಿ ಬಿಡಿ ಎಂದರೆ ಎದುರಿಗೆ ಹೂಂ ಎಂದಾರು, ಬೆನ್ನು ತಿರುಗಿಸಿದರೆ ಅದೇ ಕತೆ. ಅದಕ್ಕೆ ಅವನು ಮೆಲ್ಲಗೆ ಹೇಳಿದ: "ತಾಯಿ, ನಿಮ್ಮ ಮನೆಯಲ್ಲಿ ಅತಿಥಿಗೆ ಮೊದಲ ತುತ್ತು. ಇವಳ ಹೊಟ್ಟೆಯಲ್ಲಿರುವುದೂ ಈ ಮನೆಗೆ ಬರುತ್ತಿರುವ ಅತಿಥಿಯೇ. ಅದನ್ನು ಕೊನೆಯ ಪಂಕ್ತಿಯಲ್ಲಿ ಕೂರಿಸಬಹುದೇ?"

ಅತ್ತೆ ಬರಿದಾದ ಪಲ್ಯದ ಪಾತ್ರೆಯನ್ನು ತಿರುಗಿ ನೋಡಿದಳು. ಮರುದಿನ ಅತ್ತೆ ಎಲ್ಲರಿಗಿಂತ ಮೊದಲು ಸೊಸೆಯನ್ನು ಕೂರಿಸಿ ಬಡಿಸಿದಳು. ದಿನ ತುಂಬಿದಾಗ ಕೂಸು ಗಟ್ಟಿಯಾಗಿ ಅಳುತ್ತ ಹುಟ್ಟಿತು, ತಾಯಿಯೂ ಉಳಿದಳು.

ಶಿಷ್ಯ ನಕ್ಕ. "ಆ ವೈದ್ಯ ಕಣ್ಣಿದ್ದೂ ಕುರುಡ, ಗುರುಗಳೇ. ಊಟಕ್ಕೆ ಯಾವಾಗ ಕೂರುತ್ತೀಯಮ್ಮ ಎಂದು ನಾನಾಗಿದ್ದರೆ ಮೊದಲ ದಿನವೇ ಕೇಳುತ್ತಿದ್ದೆ."

ಗುರುಗಳು ಕೇಳಿದರು: "ನಿನ್ನ ತಾಯಿ ಉಣ್ಣುವುದನ್ನು ನೀನು ಎಷ್ಟು ಸಲ ನೋಡಿದ್ದೀಯೆ?"